ಅರಮನೆಯಲ್ಲಿ ಈಗ ತರಗತಿ

ಮಾನ್ಯ ಸಂಪಾದಕರೇ,

ಬಾಗ್ದಾದ್ ವಿಮಾನ ನಿಲ್ದಾಣದ ಬಳಿಯ ಅಲ್ ಫಾವ್ ಅರಮನೆಯ ಚಿತ್ರ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆರ್ಥಿಕ ದಿಗ್ಬಂಧನದಿಂದ ಇರಾಕಿನ ಮಕ್ಕಳು ಔಷಧಿಗೂ ಪರದಾಡುತ್ತಿದ್ದ 1990ರ ದಶಕದಲ್ಲಿ, ಸದ್ದಾಂ ಹುಸೇನ್ ಕೃತಕ ಸರೋವರದ ನಡುವೆ 62 ಕೋಣೆ, 29 ಸ್ನಾನಗೃಹಗಳ ಈ ಮಹಲನ್ನು ಕಟ್ಟಿಸಿದರು. 2003ರ ಬಳಿಕ ಅದು ಅಮೆರಿಕ ಸೇನೆಯ ‘ಕ್ಯಾಂಪ್ ವಿಕ್ಟರಿ’ಯ ಕೇಂದ್ರವಾಯಿತು. ಸದ್ದಾಂ ಸಿಂಹಾಸನದಲ್ಲಿ ಕುಳಿತು ಸೈನಿಕರು ಫೋಟೊ ತೆಗೆಸಿಕೊಂಡರು. ಯಾರ ಹಣದಿಂದ ಅದು ಎದ್ದಿತೋ ಆ ಜನರು ಆಗಲೂ ಗೇಟಿನ ಹೊರಗೇ ನಿಂತಿದ್ದರು. ಕಾವಲುಗಾರರ ಸಮವಸ್ತ್ರವಷ್ಟೇ ಬದಲಾಗಿತ್ತು.

2011ರ ಡಿಸೆಂಬರ್‌ನಲ್ಲಿ ಅರಮನೆ ಇರಾಕಿಗೆ ಮರಳಿತು. 2021ರಿಂದ ಅಲ್ಲಿ ವಿಶ್ವವಿದ್ಯಾಲಯ ನಡೆಯುತ್ತಿದೆ ಎಂಬುದು ನನಗೆ ನಿಜವಾದ ಸಂತೋಷ. ಬಡ ಇರಾಕಿ ವಿದ್ಯಾರ್ಥಿಗಳಿಗೂ ಆ ಬಾಗಿಲು ತೆರೆದಿರಲಿ.

– ಓರ್ವ ಓದುಗ, ಧಾರವಾಡ