ಹತ್ತು ಗಂಟೆ ಅಂದ್ರೆ ಹತ್ತು ಗಂಟೆ: ಅರಮನೆ ತೋಟದ ಪಕ್ಕದ ಮನೆಯಿಂದ ಶಾಸಕರಿಗೊಂದು ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾಲ್ಕು ಅರ್ಜಿ ಕೊಟ್ಟಾಗಿದೆ. ನಾಲ್ಕಕ್ಕೂ ಸೀಲ್ ಬಿದ್ದಿದೆ. ಸೀಲ್ ಮಾತ್ರ ತುಂಬಾ ಅಚ್ಚುಕಟ್ಟಾಗಿ ಬಿದ್ದಿದೆ. ಹಾಗಾಗಿ ಐದನೆಯದನ್ನು ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಗೂ ಬೆಂಗಳೂರು ಅರಮನೆ ಮೈದಾನದ ಕಾಂಪೌಂಡಿಗೂ ನಡುವೆ ಇರುವುದು ಒಂದೇ ರಸ್ತೆ. ನಾನು ಕೇಳುವುದೂ ಒಂದೇ. ರಾತ್ರಿ ಹತ್ತಕ್ಕೆ ಸ್ಪೀಕರ್ ಬಂದ್ ಆಗಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ನಿಮಗೆ ಗೊತ್ತೇ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮನೆಗಳಿರುವ ಕಡೆ ರಾತ್ರಿ 45 ಡೆಸಿಬಲ್ ದಾಟುವಂತಿಲ್ಲ. ಹಬ್ಬ, ಉತ್ಸವ ಅಂತ ವರ್ಷಕ್ಕೆ 15 ದಿನ ಸಡಿಲಿಕೆ ಕೊಡಬಹುದು, ಅದೂ ಹನ್ನೆರಡರ ತನಕ. ಮದುವೆ ಸೀಸನ್‌ನಲ್ಲಿ ನಮ್ಮ ಕಡೆ ಆ 15 ದಿನ ಒಂದೇ ತಿಂಗಳಲ್ಲಿ ಖರ್ಚಾಗುತ್ತದೆ.

ಕಳೆದ ಮಾಘಮಾಸದ ಒಂದು ರಾತ್ರಿಯ ಕಥೆ ಹೇಳುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ. ಅಮ್ಮನಿಗೆ 86 ವರ್ಷ. ಸೊಂಟದ ಆಪರೇಷನ್ ಆಗಿ ಮನೆಗೆ ಬಂದು ಮೂರನೇ ದಿನ. ಹನ್ನೊಂದೂವರೆಗೆ ಡಿಜೆ ಇನ್ನೂ ಏರಿತು. ಕಿಟಕಿ ಗಾಜು ಗಡಗಡ. ಮಂಚದ ಪಕ್ಕದ ಸ್ಟೂಲ್ ಮೇಲೆ ಸ್ಟೀಲ್ ಲೋಟ ಇಟ್ಟಿದ್ದೆ. ಅದು ತಾನಾಗೇ ಸರಿಯುತ್ತಾ ಸರಿಯುತ್ತಾ ಹೋಗಿ ಔಷಧಿ ಬಾಟಲಿಗೆ ತಾಗಿ ಟಿಂಗ್ ಟಿಂಗ್ ಅನ್ನತೊಡಗಿತು. ಎತ್ತಿ ಕೆಳಗಿಟ್ಟೆ. ನೆಲದ ಮೇಲೂ ನಡುಗಿತು. ಪೊಲೀಸರಿಗೆ ಫೋನ್ ಮಾಡಿದೆ. ಬಂದರು, ಹಾಡು ನಿಂತಿತು. ಸರಿಯಾಗಿ ಏಳು ನಿಮಿಷ. ಜೀಪು ತಿರುವು ದಾಟಿತೋ ಇಲ್ಲವೋ, ಮತ್ತೆ ಶುರು. ಎರಡನೇ ಸಲ ಫೋನ್ ಮಾಡಿದಾಗ, ‘ಮದುವೆ ಅಲ್ವಾ ಸಾರ್, ಒಂದಿನ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರು. ಅವರಿಗೆ ಒಂದಿನ, ಸ್ವಾಮಿ. ನನಗೆ ದಿನಾ ಯಾರದೋ ಮದುವೆ.

ಹನ್ನೆರಡೂ ಕಾಲಿಗೆ ಪಟಾಕಿ. ಬೆಳಿಗ್ಗೆ ಟೆರೇಸಿಗೆ ಹೋದರೆ, ಒಣಹಾಕಿದ್ದ ಅಮ್ಮನ ಹತ್ತಿ ಸೀರೆಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ತೂತು. ಕೆಳಗೆ ರಾಕೆಟ್ ಕಡ್ಡಿ. ಆ ಕಡ್ಡಿಯನ್ನು ನಾಲ್ಕನೇ ಅರ್ಜಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದೆ. ಸಿಕ್ಕಿತಾ?

ಎಲ್ಲರ ಬಾಯಲ್ಲೂ ಅದು ‘ಮೈದಾನ’. ಅದು ಯಾವತ್ತು ಮೈದಾನ ಆಗಿತ್ತು? 1873ರಲ್ಲಿ ಆ ಜಾಗವನ್ನು ಕೊಂಡದ್ದು ಸೆಂಟ್ರಲ್ ಹೈಸ್ಕೂಲಿನ ಮೊದಲ ಪ್ರಿನ್ಸಿಪಾಲರಾಗಿದ್ದ ರೆವರೆಂಡ್ ಗ್ಯಾರೆಟ್ ಅವರಿಂದ, 40,000 ರೂಪಾಯಿಗೆ. ಕೊಂಡದ್ದು ಚಾಮರಾಜೇಂದ್ರ ಒಡೆಯರ್ ಅವರಿಗಾಗಿ. ಆಗ ಅವರು ಹತ್ತು ವರ್ಷದ ಹುಡುಗ, ವ್ಯವಹಾರ ಎಲ್ಲಾ ಬ್ರಿಟಿಷ್ ಪೋಷಕರದ್ದು. 1874ರಲ್ಲಿ ಕೆಲಸ ಶುರುವಾಗಿ 1878ಕ್ಕೆ ಅರಮನೆ ನಿಂತಿತು. ಇಂಗ್ಲೆಂಡಿನ ಕೋಟೆಮನೆಗಳ ಥರ ಗೋಪುರ, ಒಳಗೆ ಮರದ ಕೆತ್ತನೆ. ಸುತ್ತಲಿನ ತೋಟ ಮಾಡಿದವರು ಜಾನ್ ಕ್ಯಾಮರಾನ್. ಲಾಲ್‌ಬಾಗ್ ನೋಡಿಕೊಂಡವರೂ ಅವರೇ. ಅವರ ಕಾಲದಲ್ಲೇ, 1889ರಲ್ಲಿ, ಅಲ್ಲಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು. ಇಂಥವರ ಕೈ ಬಿದ್ದ ತೋಟ ಇದು. ಹಣ್ಣಿನ ತೋಟ ಎಷ್ಟು ದೊಡ್ಡದಿತ್ತು ಅಂದ್ರೆ ಸದಾಶಿವನಗರಕ್ಕೆ ಮೊದಲಿದ್ದ ಹೆಸರೇ ಪ್ಯಾಲೇಸ್ ಆರ್ಚರ್ಡ್ಸ್. ಅಮ್ಮ ಮದುವೆಯಾಗಿ ಈ ಬೀದಿಗೆ ಬಂದಾಗ ರಾತ್ರಿ ಆ ಕಡೆಯಿಂದ ನರಿ ಕೂಗು ಕೇಳುತ್ತಿತ್ತಂತೆ. ಈಗ ನರಿಯೇ ವಾಸಿ ಅನ್ನುತ್ತಾಳೆ.

ಆ ತೋಟದ ಜಾಗದಲ್ಲಿ ಈಗ ಏನಾಗುತ್ತಿದೆ ಒಮ್ಮೆ ಬಂದು ನೋಡಿ. ಪ್ಲೈವುಡ್ಡು, ಥರ್ಮಕೋಲಿನಲ್ಲಿ ಅರಮನೆ ಸೆಟ್ ಹಾಕುತ್ತಾರೆ. ನಿಜವಾದ ಅರಮನೆ ಕೂಗಳತೆಯಲ್ಲಿದೆ! ಕ್ಯಾಮರಾನ್ ಗಿಡ ನೆಟ್ಟ ನೆಲದಲ್ಲಿ ಲಾರಿಯಿಂದ ಪ್ಲಾಸ್ಟಿಕ್ ಹೂವು ಇಳಿಯುತ್ತದೆ. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಜಾಗದ ವ್ಯಾಜ್ಯ ಇದೆ ಅಂತ ಮಾತ್ರ ಹೇಳಬೇಡಿ, ಆ ಉತ್ತರ ಕೇಳಿ ಕೇಳಿ ಸಾಕಾಗಿದೆ. 1996ರಲ್ಲಿ ಸರ್ಕಾರ 472 ಎಕರೆ ವಶಕ್ಕೆ ತಗೊಳ್ಳಲು ಕಾಯ್ದೆ ತಂದಿತು. ರಾಜಮನೆತನ ಕೋರ್ಟಿಗೆ ಹೋಯಿತು. ಕೇಸು ಸುಪ್ರೀಂ ಕೋರ್ಟ್ ತನಕ ಹತ್ತಿತು. ಜಾಗ ಯಾರದು ಅಂತ ಕೋರ್ಟು ಹೇಳಲಿ. ಯಾರದ್ದಾದರೂ ರಾತ್ರಿ ಹತ್ತು ಅಂದ್ರೆ ಹತ್ತೇ ಅಲ್ವಾ? ಅದಕ್ಕೂ ತೀರ್ಪು ಬರಬೇಕಾ?

ಮದುವೆ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಮಗಳ ಮದುವೆಯಲ್ಲೂ ವಾಲಗ ಜೋರಾಗೇ ಇತ್ತು. ಹಗಲು ಊದಿಸಿದೆವು, ಒಂಬತ್ತಕ್ಕೆ ಊಟ ಮುಗಿಸಿ ಕಳಿಸಿದೆವು. ಹತ್ತಕ್ಕೆ ನಿಲ್ಲಿಸಿ, ಅಷ್ಟೇ. ಅನುಮತಿ ಪತ್ರದಲ್ಲಿ ಬರೆದರೆ ಸಾಲದು, ಹತ್ತು ಗಂಟೆಗೆ ಅಲ್ಲಿ ಯಾರಾದರೂ ನಿಂತಿರಬೇಕು. ನಿಲ್ಲಿಸದಿದ್ದರೆ ಆ್ಯಂಪ್ಲಿಫೈಯರ್ ಎತ್ತಿಕೊಂಡು ಹೋಗಿ. ಇದಕ್ಕೆ ಹೊಸ ಕಾನೂನು ಬೇಡ, ಬಜೆಟ್ ಬೇಡ, ಸಮಿತಿ ಅಂತೂ ದಯವಿಟ್ಟು ಬೇಡ.

ಇವತ್ತು ಮಂಗಳವಾರ. ಆಚೆ ಕಂಬ ನೆಡುವ ಸದ್ದು ಕೇಳುತ್ತಿದೆ. ಶುಕ್ರವಾರ ಮತ್ತೆ ಕಾರ್ಯಕ್ರಮ ಇರಬೇಕು. ರಾತ್ರಿ ಹತ್ತೂ ಐದಕ್ಕೆ ನಿಮ್ಮ ಕಚೇರಿ ನಂಬರಿಗೆ ಫೋನ್ ಮಾಡುತ್ತೇನೆ. ಯಾರಾದರೂ ಎತ್ತಲಿ.

ಇಂತಿ,
ನಿಮಗೆ ನಾಲ್ಕು ಅರ್ಜಿ, ಒಂದು ರಾಕೆಟ್ ಕಡ್ಡಿ ಕೊಟ್ಟ ಮತದಾರ