ಸಿಸೇರಿಯನ್ನಿಗೆ ಕಾರಣ ಬರೆದು ಕೊಡಲಿ

ಮಾನ್ಯರೇ,

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ, ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಆಗುವ ಹೆರಿಗೆಗಳ ಪೈಕಿ ಶೇ 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಖಾಸಗಿಯವರು ದುಡ್ಡಿಗಾಗಿ ಕೊಯ್ಯುತ್ತಾರೆ ಎಂಬ ಮಾತಿಗೆ ಇಷ್ಟೇ ಸಾಕಾಗುತ್ತದೆ. ದುಡ್ಡಿನ ಪಾತ್ರ ಇಲ್ಲವೆಂದಲ್ಲ. ಆದರೆ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಅರಿವಳಿಕೆ ತಜ್ಞರು ಕರೆದಾಗ ಬರುವವರು. ನಡುರಾತ್ರಿ ಮಗುವಿನ ಹೃದಯ ಬಡಿತ ಕುಸಿದರೆ ಅವರು ಸಿಕ್ಕೇ ಸಿಗುತ್ತಾರೆಂಬ ಖಾತರಿ ಇರುವುದಿಲ್ಲ. ಹಾಗಾಗಿ ಸಂಜೆಯೊಳಗೇ ಆಪರೇಷನ್ ಮುಗಿಸಿಬಿಡೋಣ ಎನ್ನಿಸುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರ ಹುದ್ದೆ ಖಾಲಿ ಇದ್ದರೆ, ತುರ್ತಾಗಿ ಆಗಬೇಕಾದ ಸಿಸೇರಿಯನ್ ಕೂಡ ಆಗದೆ ಗರ್ಭಿಣಿಯನ್ನು 108ರಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸಂಖ್ಯೆ ಕಡಿಮೆ ಎಂಬುದೇ ಒಳ್ಳೆಯ ಆರೈಕೆಗೆ ಸಾಕ್ಷಿಯಾಗದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡು, ಡ್ರಿಪ್‌ನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಎದ್ದ ಮೇಲಂತೂ ಬಡವರೂ ಸಾಲ ಮಾಡಿ ಖಾಸಗಿಗೆ ಹೋಗುವುದನ್ನು ತಪ್ಪೆನ್ನಲಾಗದು.

ಎರಡೂ ಕಡೆ ನಂಬಿಕೆ ಕೆಡುವುದು ಕಾರಣವನ್ನು ಬಾಯಿಮಾತಲ್ಲಿ ಹೇಳಿ ಸಹಿ ಹಾಕಿಸಿಕೊಳ್ಳುವ ಆ ಐದು ನಿಮಿಷದಲ್ಲಿ. ‘ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿದೆ’ ಎಂದರೆ ಯಾವ ಮನೆಯವರು ಎದುರಾಡುತ್ತಾರೆ? ಸ್ಕ್ಯಾನಿಂಗ್‌ನಲ್ಲಿ ಬಳ್ಳಿ ಸುತ್ತಿದ್ದು ಕಂಡರೆ ಅಷ್ಟಕ್ಕೇ ಸಿಸೇರಿಯನ್ ಬೇಕಿಲ್ಲ. ಅಂಥ ಎಷ್ಟೋ ಮಕ್ಕಳು ಸಹಜವಾಗಿಯೇ ಹುಟ್ಟುತ್ತವೆ. ನೋಡಬೇಕಾದ್ದು ಮಗುವಿನ ಹೃದಯ ಬಡಿತ. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ. ಹೆರಿಗೆ ನೋವು ಬಲವಾದ ಮೇಲೆ ಅರ್ಧ ಗಂಟೆಗೊಮ್ಮೆ ಬಡಿತವನ್ನು, ನಾಲ್ಕು ಗಂಟೆಗೊಮ್ಮೆ ಗರ್ಭದ ಬಾಯಿ ಎಷ್ಟು ತೆರೆದಿದೆ ಎಂಬುದನ್ನು ಪಾರ್ಟೋಗ್ರಾಫ್ ಎಂಬ ಒಂದೇ ಹಾಳೆಯಲ್ಲಿ ಗುರುತಿಸಬೇಕು. ಹೆರಿಗೆಯ ಸಕ್ರಿಯ ಹಂತ ಗರ್ಭದ ಬಾಯಿ 5 ಸೆಂ.ಮೀ. ತೆರೆದಾಗಿನಿಂದ ಶುರು, ಗಂಟೆಗೆ 1 ಸೆಂ.ಮೀ. ತೆರೆಯಲಿಲ್ಲವೆಂಬುದಷ್ಟೇ ಆಪರೇಷನ್ನಿಗೆ ಕಾರಣವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಕೆಲಸದ ಒತ್ತಡದಲ್ಲಿ ಈ ಹಾಳೆಯನ್ನು ಹೆರಿಗೆ ಮುಗಿದ ಮೇಲೆ ಒಂದೇ ಪೆನ್ನಲ್ಲಿ, ಒಂದೇ ಬೀಸಿಗೆ ತುಂಬುವುದುಂಟು. ಹಾಗೆ ತುಂಬಿದ ಹಾಳೆ ತಾಯಿಯನ್ನೂ ಕಾಯದು, ವೈದ್ಯರನ್ನೂ ಕಾಯದು.

ಡಿಸ್ಚಾರ್ಜ್ ಸಾರಾಂಶದ ಜೊತೆ ಈ ಹಾಳೆಯ ನಕಲನ್ನು ಕೊಡುವುದು ಕಡ್ಡಾಯವಾಗಲಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿದೆ. ಕೇಳಬಹುದು ಎಂಬುದೇ ಬಹಳ ಮಂದಿಗೆ ತಿಳಿದಿಲ್ಲ. ಗರ್ಭಕೋಶವನ್ನು ಅಡ್ಡ ಕೊಯ್ದಿದ್ದೋ ಉದ್ದ ಕೊಯ್ದಿದ್ದೋ ಎಂಬುದೂ ಸಾರಾಂಶದಲ್ಲಿರಲಿ. ಮುಂದಿನ ಹೆರಿಗೆ ಸಹಜವಾಗಿ ಆಗಬಹುದೇ ಎಂಬುದು ಅದರ ಮೇಲೆ ನಿಂತಿದೆ, ಹೊಟ್ಟೆಯ ಮೇಲಿನ ಗಾಯದ ಗುರುತು ಅದನ್ನು ಹೇಳುವುದಿಲ್ಲ.

ಖಾಸಗಿ ಆಸ್ಪತ್ರೆಗಳು ದರಪಟ್ಟಿ ತೂಗುಹಾಕಬೇಕೆಂಬ ಕಾನೂನು ನಮ್ಮ ರಾಜ್ಯದಲ್ಲಿದೆ. ಅದರ ಪಕ್ಕದಲ್ಲೇ ಸಿಸೇರಿಯನ್ ಪ್ರಮಾಣವನ್ನೂ ಹಾಕಿಸಲಿ, ಸರ್ಕಾರಿ ಆಸ್ಪತ್ರೆಗಳಿಗೂ ಇದು ಅನ್ವಯವಾಗಲಿ. ಲೆಕ್ಕ ಮಾತ್ರ ಚೊಚ್ಚಲ ಹೆರಿಗೆಯದ್ದಿರಲಿ: 37 ವಾರ ತುಂಬಿ, ಒಂದೇ ಮಗುವಿದ್ದು, ಅದರ ತಲೆ ಕೆಳಗಿರುವವರದ್ದು. ಆಗ ಕಷ್ಟದ ಹೆರಿಗೆಗಳನ್ನೆಲ್ಲ ಹೊರುವ ದೊಡ್ಡ ಆಸ್ಪತ್ರೆಗಳಿಗೆ ಅನ್ಯಾಯವಾಗದು.

– ನಿವೃತ್ತ ಶುಶ್ರೂಷಾಧಿಕಾರಿ, ದಾವಣಗೆರೆ