ಪಿಪಿ ಪ್ಲಾಸ್ಟಿಕ್‌ಗೆ ಅಂತ ಹೇಳಿಯೇ ಕೊಂಡ ಮೆಷಿನ್, ಪಿಪಿ ತುಂಬುತ್ತಿಲ್ಲ

ಇವರಿಗೆ,
ಮಾರಾಟ ವಿಭಾಗದ ಮುಖ್ಯಸ್ಥರು, ಬೆಂಗಳೂರು

ವಿಷಯ: 30 ಗ್ರಾಂ ಇಂಜೆಕ್ಷನ್ ಮೋಲ್ಡಿಂಗ್ ಮೆಷಿನ್ ವಾಪಸ್ ತೆಗೆದುಕೊಳ್ಳುವ ಬಗ್ಗೆ

ಮಾನ್ಯರೇ,

ಏಳು ಸಲ ಫೋನ್ ಮಾಡಿದೆ. ಎರಡು ಸಲ ಬೆಂಗಳೂರಿಗೆ ಬಂದೆ. ಇನ್ನು ಫೋನ್ ಮಾಡುವುದಿಲ್ಲ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಯಾರಾದರೂ ಹೊಸ ಸಾಮಾನು ಮಾಡಬೇಕು ಅಂತ ಬಂದರೆ ಮೊದಲ ನೂರಿನ್ನೂರು ಪೀಸ್ ಮಾಡಿಕೊಡುತ್ತೇನೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ಔಷಧಿ ಹೊಡೆಯುವ ಪಂಪಿನ ಹಿಡಿಕೆ ಬೇಕಿತ್ತು. ಪೀಸ್ 22 ಗ್ರಾಂ, ರನ್ನರ್ (ಅಚ್ಚಿಗೆ ಪ್ಲಾಸ್ಟಿಕ್ ಹರಿಯುವ ದಾರಿಯಲ್ಲಿ ಉಳಿಯುವ ಭಾಗ) ಸೇರಿ 25. ಮೆಟೀರಿಯಲ್ ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಇಷ್ಟನ್ನೂ ಹೇಳಿ, ಯಾವ ಮೆಷಿನ್ ತೆಗೆದುಕೊಳ್ಳಲಿ ಅಂತ ಕೇಳಿದೆ. "30 ಗ್ರಾಂದು ಆರಾಮಾಗಿ ಸಾಕು" ಅಂದಿರಿ. ವಾಟ್ಸಾಪ್‌ನಲ್ಲಿ ಹಾಗೇ ಇದೆ.

ಸಾಕಾಗಲಿಲ್ಲ. ಮೆಷಿನ್ ಒಂದು ಸಲಕ್ಕೆ ತುಂಬುವ ಆ 30 ಗ್ರಾಂ, ಪಾಲಿಸ್ಟೈರೀನ್ ಅನ್ನುವ ಬೇರೆ ಪ್ಲಾಸ್ಟಿಕ್ಕಿನ ಲೆಕ್ಕ. ಕರಗಿದ ಪಿಪಿ ಅದಕ್ಕಿಂತ ಹಗುರ, ಆರಿದಾಗ ಕುಗ್ಗುವುದೂ ಜಾಸ್ತಿ. ಟೆಂಪರೇಚರ್ 200ರಿಂದ 230 ಡಿಗ್ರಿಗೆ ಏರಿಸಿದೆ, ಪ್ರೆಶರ್ ಹೆಚ್ಚಿಸಿದೆ. ರನ್ನರ್ ಸಮೇತ ತೂಗಿದರೆ 23 ಗ್ರಾಂ ಚಿಲ್ಲರೆ. ಪ್ರತಿ ಪೀಸಿನಲ್ಲೂ ಹಿಡಿಕೆಯ ತುದಿ ಖಾಲಿ.

ಹೋದ ಸೋಮವಾರ ಅಂಥ ನಾಲ್ಕು ಪೀಸ್ ಪೇಪರಿನಲ್ಲಿ ಸುತ್ತಿಕೊಂಡು ನಿಮ್ಮ ಆಫೀಸಿಗೆ ಬಂದೆ. ಮುಕ್ಕಾಲು ಗಂಟೆ ಕಾಯಿಸಿದ ಮ್ಯಾನೇಜರ್ ಕೂತ್ಕೊಳ್ಳಿ ಅಂತ ಕೂಡ ಅನ್ನಲಿಲ್ಲ. ಪೀಸ್ ಕೈಯಲ್ಲಿ ಮುಟ್ಟಲಿಲ್ಲ, ಪೆನ್ನಿನಿಂದ ಹೊರಳಿಸಿದರು. "ಕ್ಯಾಟಲಾಗ್ ಓದೋಕೆ ಬರಲ್ವಾ?" ಅಂದರು. ಕೊನೆಯ ಪುಟ ತೆಗೆದು, ಕೆಳಗೆ ಪಾಲಿಸ್ಟೈರೀನ್ ಲೆಕ್ಕ ಅಂತ ಬರೆದಿದ್ದ ಸಣ್ಣ ಅಕ್ಷರದ ಸಾಲಿನ ಮೇಲೆ ಅದೇ ಪೆನ್ನಿಟ್ಟು, "ಗಟ್ಟಿಯಾಗಿ ಓದಿ" ಅಂದರು. ಓದಿದೆ. "ಇನ್ನೊಂದ್ಸಲ." ಅದನ್ನೂ ಓದಿದೆ. ಪಕ್ಕದ ಟೇಬಲ್‌ನ ಇಬ್ಬರು ಕೆಲಸ ಬಿಟ್ಟು ನೋಡುತ್ತಿದ್ದರು. ಅವರ ಕಡೆ ತಿರುಗಿ, "ದಾವಣಗೆರೆಯವರು. ಬೆಣ್ಣೆ ದೋಸೆ ಹುಯ್ಯೋದು ಬಿಟ್ಟು ಮೋಲ್ಡಿಂಗ್‌ಗೆ ಇಳಿದಿದ್ದಾರೆ" ಅಂದರು. ಇಬ್ಬರೂ ನಕ್ಕರು. ನನಗೆ 46 ವರ್ಷ. ನಮ್ಮದು ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು. ಹರಿಹರದ ಲೇತ್ ಕಾರ್ಖಾನೆಯಲ್ಲಿ ದುಡಿದವರ ಕೈಕೆಳಗೆ ನಾನು ಕೆಲಸ ಕಲಿತವನು. ಪೀಸ್‌ಗಳನ್ನು ಮತ್ತೆ ಸುತ್ತಿಕೊಳ್ಳುವಾಗ ಕೈ ನಡುಗುತ್ತಿತ್ತು.

ಊರಿಗೆ ಬಂದು, ಮೆಷಿನ್ ಜೊತೆ ನೀವು ಕಳಿಸಿದ್ದ ಟ್ರಯಲ್ ಪೀಸ್ ತೆಗೆದೆ. ತುದಿತನಕ ತುಂಬಿದೆ. ಬಗ್ಗಿಸಿದೆ. ಟಪ್ ಅಂತ ಮುರಿಯಿತು. ಪಿಪಿ ಹಾಗೆ ಮುರಿಯುವುದಿಲ್ಲ. ಬಾಗುತ್ತದೆ, ಬಾಗಿದ ಕಡೆ ಬೆಳ್ಳಗಾಗುತ್ತದೆ. ನಿಮ್ಮ ಕೊಟೇಶನ್‌ನ ಐದನೇ ಷರತ್ತು ನಿಮಗೇ ಗೊತ್ತಲ್ಲ: ಗ್ರಾಹಕರ ಮೋಲ್ಡ್‌ಗೆ ಗ್ರಾಹಕರ ಮೆಟೀರಿಯಲ್ಲೇ ಹಾಕಿ ಟ್ರಯಲ್ ತೆಗೆದ ಮೇಲೆ ಮೆಷಿನ್ ಕಳಿಸಬೇಕು. ನಾನು ಕಳಿಸಿದ್ದ ಐದು ಕೆಜಿ ಪಿಪಿ ಚೀಲ ಹೊಲಿಗೆ ಕೂಡ ಬಿಚ್ಚದೆ ವಾಪಸ್ ಬಂದಿತ್ತು. ಅವತ್ತು ನನಗೆ ಹೊಳೆಯಲಿಲ್ಲ.

ಕೊಟ್ಟ 2,40,000 ರೂಪಾಯಿ 15 ದಿನದಲ್ಲಿ ವಾಪಸ್ ಕೊಟ್ಟು ಮೆಷಿನ್ ತೆಗೆದುಕೊಂಡು ಹೋಗಿ. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಅಂತ ನಿಮ್ಮವರು ಫೋನಿನಲ್ಲಿ ಹೇಳಿದರು. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡವನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕನೇ. ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಗ ದಾವಣಗೆರೆಗೆ ಬರಬೇಕಾದವರು ನೀವು. ಮುರಿದ ಪೀಸ್, ಹೊಲಿಗೆ ಬಿಚ್ಚದ ಚೀಲ ಎರಡನ್ನೂ ಆಯೋಗದ ಮುಂದೆ ಇಟ್ಟು, ಐದನೇ ಷರತ್ತನ್ನು ನಿಮ್ಮ ಮ್ಯಾನೇಜರ್ ಕೈಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಎರಡು ಸಲ.

ಇತಿ,
ವರ್ಕ್‌ಶಾಪ್ ಮಾಲೀಕ, ದಾವಣಗೆರೆ